ಡಂಪಿನ ಕೆಂಪು ನೀರು ಕೆಳಗಿನ ಗದ್ದೆಗೆ ಇಳಿಯುತ್ತಿದೆ, ಹೊಂಡವನ್ನು ಇನ್ನೂ ಆಳ ಮಾಡಿಸಲೇ?

ಮಣ್ಣುಕೆಲಸ (ಮೇ 14)
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆಯವನು, ಗೋವಾಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಸಾಂಗೆ ತಾಲ್ಲೂಕಿನ ಒಂದು ಕಬ್ಬಿಣದ ಗಣಿಯಲ್ಲಿ ಮಳೆಗಾಲದ ಮುಂಚಿನ ಕೆಲಸಗಳ ಉಸ್ತುವಾರಿ ಈ ಸಲ ನನ್ನ ತಲೆಗೆ ಬಂದಿದೆ. ಯಾವ ಗಣಿ ಎಂದು ಕೇಳಬೇಡಿ.

ಸುಮಾರು 6 ಹೆಕ್ಟೇರಿನ ಹಳೆಯ ಡಂಪ್ ಇದೆ, ಅದಿರು ತೆಗೆಯುವಾಗ ಎತ್ತಿದ ಬೇಡದ ಮಣ್ಣಿನ ಗುಡ್ಡೆ. ಅದರ ಬುಡದಲ್ಲಿ 30 ಮೀಟರ್ ಉದ್ದ, 20 ಮೀಟರ್ ಅಗಲ, 4 ಮೀಟರ್ ಆಳದ ಹೂಳಿನ ಹೊಂಡ, ಮಳೆ ನೀರು ನಿಂತು ಮಣ್ಣು ತಳಕ್ಕೆ ಕೂರಲಿ ಎಂದು ತೋಡಿದ್ದು. ಹೋದ ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ ಹೊಂಡದ ಅರ್ಧ ಹೂಳು ತುಂಬಿತು. ಕೋಡಿಯಿಂದ ಹೊರಬಿದ್ದ ನೀರು ಹಬ್ಬಕ್ಕೆ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿನಂತೆ ಇತ್ತು. ಅದು ಹಳ್ಳ ಸೇರಿ ಕೆಳಗಿನ ಭತ್ತದ ಗದ್ದೆಗೆ ನುಗ್ಗಿ, ಊರಿನವರು ಗೇಟಿನ ಮುಂದೆ ಬಂದು ಕುಳಿತರು. ಬೈಸಿಕೊಂಡವನು ನಾನು.

ನಮ್ಮ ಸಾಹೇಬರು ಹೊಂಡವನ್ನು ಇನ್ನೂ ಮೂರು ಮೀಟರ್ ಆಳ ಮಾಡಿಸು ಎನ್ನುತ್ತಾರೆ. ಪೊಕ್ಲೇನ್ ನಾಳಿದ್ದು ಬರುತ್ತದೆ. ರೋಹಿಣಿ ಮಳೆಗೆ ಹನ್ನೊಂದು ದಿನ ಉಳಿದಿದೆ. ಅಷ್ಟು ಮಾಡಿದರೆ ಸಾಕೇ? ಈ ಕೆಲಸ ಮಾಡಿದವರು ಹೇಳಿ.

ಟಿಪ್ಪರ್ 14
ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಜನವರಿಯಲ್ಲಿ ಪೊಕ್ಲೇನ್ ಖಾಲಿ ನಿಂತಿರುತ್ತದೆ, ಆಗ ಯಾರಿಗೂ ಮಳೆಯ ನೆನಪಿರುವುದಿಲ್ಲ.

ಸಂಡೂರ್ ಮಂದಿ
ಆಳ ಮಾಡಿಸಿ ಅಣ್ಣ. ಆಳವಾದಷ್ಟೂ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಮಣ್ಣು ಕೆಳಗೆ ಕೂರುತ್ತದೆ. ನಮ್ಮ ಕಡೆ ಎಲ್ಲ ಗಣಿಗಳಲ್ಲೂ ಹಾಗೆಯೇ ಮಾಡಿದ್ದಾರೆ.

ನೀರು ಲೆಕ್ಕ
ಆಳ ಮಾಡಿಸುವುದಕ್ಕೆ ಮುಂಚೆ ಒಂದು ಪ್ರಶ್ನೆ. ಆ ಹೊಂಡಕ್ಕೆ ಬರುವುದು ಡಂಪಿನ 6 ಹೆಕ್ಟೇರಿನ ನೀರು ಮಾತ್ರವೇ? ಡಂಪಿನ ಮೇಲ್ಗಡೆ ಏನಿದೆ?

ಮಣ್ಣುಕೆಲಸ
ಮೇಲೆ ಗುಡ್ಡ. ಗೇರು ಮರ, ಒಂದಿಷ್ಟು ಕಾಡು. ಆ ಗುಡ್ಡದ ನೀರೂ ಡಂಪಿನ ಮೇಲೆಯೇ ಇಳಿಯುತ್ತದೆ. ಮೊಬೈಲ್ ನಕ್ಷೆಯಲ್ಲಿ ಗೆರೆ ಎಳೆದು ಅಳೆದೆ, ಹತ್ತಿರ ಹತ್ತಿರ 14 ಹೆಕ್ಟೇರ್ ಆಗುತ್ತದೆ.

ನೀರು ಲೆಕ್ಕ
ಅಲ್ಲಿಗೆ ರೋಗ ಸಿಕ್ಕಿತು. ಸ್ವಲ್ಪ ಉದ್ದವಾಗುತ್ತದೆ, ಚಹಾ ಮಾಡಿಕೊಂಡು ಓದಿ.

ಗಂಟೆಗೆ 60 ಮಿ.ಮೀ. ಮಳೆ ಹಿಡಿಯಿರಿ, ಗೋವಾದಲ್ಲಿ ಇದು ಅಪರೂಪವಲ್ಲ. ಬಿದ್ದ ನೀರಿನಲ್ಲಿ ನೂರಕ್ಕೆ 60 ಪಾಲು ಹರಿಯುತ್ತದೆ ಎಂದುಕೊಳ್ಳೋಣ. 20 ಹೆಕ್ಟೇರಿನಿಂದ ಸೆಕೆಂಡಿಗೆ 2 ಘನ ಮೀಟರ್ ನೀರು ಹೊಂಡಕ್ಕೆ ಬರುತ್ತದೆ. ಹೊಂಡ ಪೂರ್ತಿ ಖಾಲಿಯಿದ್ದರೂ ಹಿಡಿಯುವುದು 2,400 ಘನ ಮೀಟರ್, ಅಂದರೆ ನೀರು ಅಲ್ಲಿ ನಿಲ್ಲುವುದು 20 ನಿಮಿಷ. ಅರ್ಧ ಹೂಳು ತುಂಬಿದ್ದರೆ 10 ನಿಮಿಷ. ಗುಡ್ಡದ ನೀರನ್ನು ಡಂಪಿನ ನೆತ್ತಿಯಲ್ಲೇ ಕಾಲುವೆ ಹೊಡೆದು ಪಕ್ಕಕ್ಕೆ ತಿರುಗಿಸಿದರೆ ಹೊಂಡಕ್ಕೆ ಬರುವುದು 0.6 ಘನ ಮೀಟರ್ ಮಾತ್ರ. ಗುಡ್ಡದಿಂದ ತಿಳಿಯಾಗಿಯೇ ಬರುವ ನೀರನ್ನು ನೀವೇ ಡಂಪಿಗೆ ಬಿಟ್ಟು, ಕೆಂಪು ಮಾಡಿ, ಆಮೇಲೆ ಸ್ವಚ್ಛ ಮಾಡಲು ಹೊರಟಿದ್ದೀರಿ.

ಇನ್ನು ಆಳದ ಮಾತು. ಸಂಡೂರಿನ ಗೆಳೆಯರೇ, ಆಳ ಎರಡು ಪಟ್ಟಾದರೆ ನೀರು ನಿಲ್ಲುವ ಹೊತ್ತು ಎರಡು ಪಟ್ಟಾಗುತ್ತದೆ, ನಿಜ. ಆದರೆ ಕಣ ತಳ ಮುಟ್ಟಲು ಇಳಿಯಬೇಕಾದ ದೂರವೂ ಎರಡು ಪಟ್ಟಾಯಿತಲ್ಲ? ಒಂದು ಕೈಯಿಂದ ಕೊಟ್ಟಿದ್ದನ್ನು ಇನ್ನೊಂದು ಕೈ ಕಸಿಯಿತು. ಕಣ ಕೂರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಹೊಂಡದ ಮೇಲ್ಮೈಯ ವಿಸ್ತಾರ. ನಿಮ್ಮ 600 ಚದರ ಮೀಟರಿನಲ್ಲಿ ಸೆಕೆಂಡಿಗೆ 2 ಘನ ಮೀಟರ್ ಬಂದರೆ 60 ಮೈಕ್ರಾನಿಗಿಂತ ದಪ್ಪ ಕಣಗಳಷ್ಟೇ ನಿಲ್ಲುತ್ತವೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್), ಅದು ನಯವಾದ ಮರಳು. 0.6ಕ್ಕೆ ಇಳಿಸಿದರೆ 33 ಮೈಕ್ರಾನಿನವರೆಗೂ ಹಿಡಿಯಬಹುದು. ಹೊಂಡಕ್ಕೆ ಒಂದು ಬುಟ್ಟಿ ಮಣ್ಣು ಅಗೆಯದೆಯೇ.

ಸಂಡೂರ್ ಮಂದಿ
ಹಾಗಾದರೆ ಆಳ ದಂಡವೇ? ನಮ್ಮಲ್ಲಿ ಎಂಜಿನಿಯರುಗಳು ಸುಮ್ಮನೆ ಅಗೆಸಿದರೇ?

ನೀರು ಲೆಕ್ಕ
ದಂಡವಲ್ಲ. ಕೂತ ಹೂಳಿಗೆ ಜಾಗ ಬೇಕು, ಕೂತದ್ದು ಮತ್ತೆ ಕದಡಿ ಮೇಲೇಳದಂತೆ ಮೇಲೆ ಒಂದಷ್ಟು ನೀರಿನ ಪದರವೂ ಬೇಕು. ಅಷ್ಟಕ್ಕೆ 4 ಮೀಟರ್ ಧಾರಾಳ. ಇರುವ ಹೂಳನ್ನು ಮೊದಲು ಎತ್ತಲಿ.

ಲಖ್ಯಾ ನಿವೃತ್ತ
ಸಂಡೂರಿನ ಅಳತೆಯನ್ನು ಗೋವಾಕ್ಕೆ ತರಬಾರದು. ಸಂಡೂರಿನಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ಇಲ್ಲಿ 3,000, ಘಟ್ಟದ ಬುಡಕ್ಕೆ ಹೋದರೆ ಇನ್ನೂ ಹೆಚ್ಚು. ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ನಾನು ಕುದುರೆಮುಖದಲ್ಲಿ ಕೆಲಸ ಮಾಡಿದವನು, ಈಗ ಮಗನ ಜೊತೆ ಫೋಂಡಾದಲ್ಲಿದ್ದೇನೆ. ಅಲ್ಲಿ ಮಳೆ ಗೋವಾದ ಎರಡು ಪಟ್ಟು. ಜುಲೈನಲ್ಲಿ ಒಗೆದ ಅಂಗಿ ಆಗಸ್ಟಿನಲ್ಲಿ ಒಣಗುತ್ತಿತ್ತು. 2005ರ ಡಿಸೆಂಬರ್ 31ಕ್ಕೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಗಾರಿಕೆ ನಿಂತಿತು. ಭದ್ರಾ ನದಿಗೆ ಸೇರುತ್ತಿದ್ದ ಹೂಳು ಆ ವ್ಯಾಜ್ಯದ ದೊಡ್ಡ ವಿಷಯವಾಗಿತ್ತು. ಆ ಕಾಲದಲ್ಲಿ ನಮಗೆಲ್ಲ ಕೆಲಸ ಹೋದ ಸಿಟ್ಟು. ಈಗ ಯೋಚಿಸಿದರೆ ಮಳೆಗಾಲದಲ್ಲಿ ಹೊಳೆ ನೋಡಿದ ಯಾರಿಗೂ ಸಮರ್ಥಿಸಿಕೊಳ್ಳಲು ಬಾಯಿ ಬರುವುದಿಲ್ಲ.

ವಾಸ್ಕೋ ಬಂದರು
ರಾಯರೇ, ಅಲ್ಲಿ ಲಖ್ಯಾ ಅಣೆಕಟ್ಟು ಇತ್ತಲ್ಲ? ಅಷ್ಟು ದೊಡ್ಡ ಕಟ್ಟೆ ಇದ್ದೂ ಹೂಳು ಹೊಳೆಗೆ ಹೇಗೆ ಹೋಯಿತು?

ಲಖ್ಯಾ ನಿವೃತ್ತ
ಎಲ್ಲರೂ ಎಡವುವುದು ಇಲ್ಲಿಯೇ. ಲಖ್ಯಾ ಕಟ್ಟಿದ್ದು ಅದಿರು ಅರೆದು ಕಬ್ಬಿಣ ಬೇರ್ಪಡಿಸಿದ ಮೇಲೆ ಉಳಿಯುವ ನುಣುಪು ರಾಡಿಗೆ. ಅಗೆದ ಗುಡ್ಡ, ರಸ್ತೆ, ಮೆಟ್ಟಿಲಿನಂತೆ ಕಡಿದ ಬೆಂಚುಗಳ ಮೇಲೆ ಬೀಳುವ ಮಳೆ ನೀರು ಬೇರೆ ಲೆಕ್ಕ, ಅದಕ್ಕೆ ಅದರದೇ ಕಾಲುವೆ, ಅದರದೇ ತಡೆ ಬೇಕು. ಒಂದು ದೊಡ್ಡ ಕಟ್ಟೆ ಕಟ್ಟಿದೆವು, ಎಲ್ಲ ಮುಗಿಯಿತು ಎನ್ನುವ ಹಾಗಿಲ್ಲ.

ರಿವಣದ ತೋಟ
ಇಷ್ಟು ಹೊತ್ತು ಸುಮ್ಮನೆ ಓದಿದೆ. ಹೊನ್ನಾವರದಿಂದ ರಿವಣಕ್ಕೆ ಮದುವೆಯಾಗಿ ಬಂದವಳು ನಾನು. ನಮ್ಮದು ಅಡಿಕೆ, ತೆಂಗು, ಬಾಳೆಯ ಕುಳಾಗರ, ಜೊತೆಗೆ ಒಂದಿಷ್ಟು ಗದ್ದೆ. ನಿಮ್ಮ ಮೈಕ್ರಾನ್ ನನಗೆ ಗೊತ್ತಿಲ್ಲ. ನಿಮ್ಮ ನೀರು ಬಂದು ಹೋದ ಮೇಲೆ ಗದ್ದೆಯಲ್ಲಿ ಏನಾಗುತ್ತದೆ ಎಂದು ಗೊತ್ತು.

ನೀರು ಇಂಗಿದ ಮೇಲೆ ಕೆಂಪು ಕೆನೆ ಉಳಿಯುತ್ತದೆ. ಎರಡು ಬಿಸಿಲು ಬಿದ್ದರೆ ಹಪ್ಪಳದಂತೆ ಒಣಗಿ ಸೀಳುತ್ತದೆ, ಅಂಚು ಮೇಲಕ್ಕೆ ಸುರುಳಿಕೊಳ್ಳುತ್ತದೆ. ಕೈಯಲ್ಲಿ ಎತ್ತಿದರೆ ತಟ್ಟೆಯಂತೆ ಬರುತ್ತದೆ. ಅದರ ಕೆಳಗೆ ಬಿತ್ತಿದ ಬೀಜ ಇರುತ್ತದೆ, ಮೊಳಕೆ ಬಂದು ಮೇಲೇಳಲಾಗದೆ ಬಿಳಿಚಿಕೊಂಡು ಮಡಚಿಕೊಂಡಿರುತ್ತದೆ. ಅತ್ತೆ ಆ ತಟ್ಟೆಗಳನ್ನು ಒಂದೊಂದಾಗಿ ಆಯ್ದು ಬದುವಿನ ಮೇಲೆ ಜೋಡಿಸಿದ್ದರು, ಹಪ್ಪಳ ಒಣಗಿಸಿದಂತೆ. ಎಷ್ಟು ಆಯುವುದು? ಮುಂದಿನ ಮಳೆಗೆ ಬದುವಿನ ಮೇಲಿದ್ದದ್ದೂ ಗದ್ದೆಗೇ ಬಂತು.

ಎಷ್ಟು ಹೆಕ್ಟೇರ್, ಎಷ್ಟು ಆಳ ಎಂದು ಕೇಳುತ್ತಿದ್ದೀರಿ. ಕೆಳಗಿನವರನ್ನು ಒಮ್ಮೆ ಕೇಳಿದ್ದೀರಾ?

ಮಣ್ಣುಕೆಲಸ
ಅಕ್ಕ, ಕೇಳಿಲ್ಲ. ನಾನೂ ಹೊಲದ ಮನೆಯವನೇ, ನೀವು ಹೇಳಿದ್ದು ಅರ್ಥವಾಗುತ್ತದೆ.

ಟಿಪ್ಪರ್ 14
ಇದೆಲ್ಲ 2012ರಲ್ಲಿ ಗಣಿ ನಿಲ್ಲಿಸಿದಾಗಲೇ ಮುಗಿಯಬೇಕಿತ್ತು. ನಿಂತಿದ್ದು ನಮ್ಮ ಗಾಡಿಯ ಕಂತು ಮಾತ್ರ.

ಪಣಜಿ ಪುಟ
ನಿಂತಿದ್ದು 2018ರಲ್ಲಿ ಅಲ್ಲವೇ?

ಟಿಪ್ಪರ್ 14
ಎರಡು ಸಲ. ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಷಾ ಆಯೋಗದ ವರದಿ ಬಂದ ಮೇಲೆ 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಬಿಟ್ಟರು. 2018ರ ಫೆಬ್ರುವರಿಯಲ್ಲಿ ಗುತ್ತಿಗೆ ನವೀಕರಣ ರದ್ದಾಗಿ ಮಾರ್ಚಿನಿಂದ ಮತ್ತೆ ಬಂದ್. ಎರಡೂ ಸಲ ಕುಡಚಡೆಯಲ್ಲಿ ಗಾಡಿ ನಿಲ್ಲಿಸಿ ಬ್ಯಾಂಕಿನವರ ಫೋನ್ ಎತ್ತದೆ ಕೂತವನು ನಾನು, ತಾರೀಖು ಮರೆಯುವುದಿಲ್ಲ.

ನೀರು ಲೆಕ್ಕ
ಕೋರ್ಟಿನ ಆದೇಶ ಮಳೆಗೆ ಅನ್ವಯಿಸುವುದಿಲ್ಲ. ಒಂದು ಟನ್ ಅದಿರಿಗೆ ಎರಡೂವರೆ, ಮೂರು ಟನ್ ಮಣ್ಣು ಎತ್ತಿ ಗುಡ್ಡೆ ಹಾಕಿದ ನಾಡು ಇದು. ಗಣಿ ನಿಂತ ವರ್ಷಗಳಲ್ಲಿ ಎಷ್ಟೋ ಕಡೆ ಹೊಂಡದ ಹೂಳು ಎತ್ತುವವರು ಯಾರೂ ಇರಲಿಲ್ಲ, ಡಂಪ್ ಮಾತ್ರ ಪ್ರತಿ ಜೂನಿನಲ್ಲೂ ಹಾಜರು.

ವಾಸ್ಕೋ ಬಂದರು
ಆಗ ಮಾಂಡವಿಯಲ್ಲಿ ಬಾರ್ಜುಗಳ ಸಾಲು ನೋಡಬೇಕಿತ್ತು. ರಾತ್ರಿ ದೀಪ ಹಚ್ಚಿಕೊಂಡು ಮುರಗಾಂವ್ ಬಂದರಿನ ಕಡೆಗೆ ಹೋಗುವಾಗ ಜಾತ್ರೆಯ ತೇರು ಸಾಲುಗಟ್ಟಿದಂತೆ.

ರಿವಣದ ತೋಟ
ತೇರು ನಿಮಗೆ, ಧೂಳು ನಮಗೆ.

ಪಣಜಿ ಪುಟ
ಒಂದು ಸಂದೇಹ. ಗಣಿಯ ಕೆಂಪು ನೀರು ಆಮ್ಲ ಎನ್ನುತ್ತಾರಲ್ಲ, ಅದಕ್ಕೆ ಸುಣ್ಣ ಹಾಕಿದರೆ ಆಗುವುದಿಲ್ಲವೇ?

ಲಖ್ಯಾ ನಿವೃತ್ತ
ಅದು ಬೇರೆ ಕಾಯಿಲೆ. ಗಂಧಕ ಸೇರಿದ ಪೈರೈಟಿನಂಥ ಖನಿಜಕ್ಕೆ ಗಾಳಿ, ನೀರು ತಗುಲಿದಾಗ ಆಮ್ಲ ಹುಟ್ಟುತ್ತದೆ. ಗೋವಾದ್ದು ಹೆಮಟೈಟ್, ಆಗಲೇ ತುಕ್ಕು ಹಿಡಿದ ಕಬ್ಬಿಣ ಎಂದುಕೊಳ್ಳಿ. ಇಲ್ಲಿಯ ಕೆಂಪು ಬಣ್ಣ ನೀರಿನಲ್ಲಿ ತೇಲುವ ಮಣ್ಣಿನದು. ಸುಣ್ಣದ ದುಡ್ಡಿನಲ್ಲಿ ಮಣ್ಣು ಹಿಡಿಯುವ ಲಾವಂಚದ ಸಸಿ ತನ್ನಿ.

ಟಿಪ್ಪರ್ 14
ಲಾವಂಚ ಬಿಡಿ, ರಸ್ತೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ. ನಮ್ಮ ಗಾಡಿಗಳು ಓಡುವ ರಸ್ತೆ ಏಪ್ರಿಲ್ ತಿಂಗಳಿಗೆ ಹಿಟ್ಟಾಗಿರುತ್ತದೆ, ಕಾಲಿಟ್ಟರೆ ಪಾದ ಮುಳುಗುತ್ತದೆ. ಮೊದಲ ಮಳೆಗೆ ಆ ಹಿಟ್ಟೆಲ್ಲ ಒಂದೇ ಏಟಿಗೆ ಹೊರಡುತ್ತದೆ. ಡಂಪಿನ ಮೇಲಾದರೂ ಹುಲ್ಲು ಇರುತ್ತದೆ. ರಸ್ತೆಯನ್ನು ಗುಡ್ಡದ ಕಡೆಗೆ ವಾರೆ ಮಾಡಿ, ಒಳಬದಿಯಲ್ಲಿ ಗಟಾರ ತೆಗೆದು, ಗಟಾರಕ್ಕೆ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಬೇಕು. ಮಳೆ ಬರುವ ಮುಂಚೆ ಆ ಹಿಟ್ಟನ್ನು ಕೆರೆದು ಎತ್ತಬೇಕು. ಇದನ್ನು ಹೇಳಲು ಎಂಜಿನಿಯರ್ ಬೇಕಿಲ್ಲ, ಸ್ಟೀರಿಂಗ್ ಹಿಡಿದವನಿಗೆ ಸಾಕಷ್ಟು ಕಾಣುತ್ತದೆ.

ನೀರು ಲೆಕ್ಕ
ನೂರಕ್ಕೆ ನೂರು. ನಾನು ರಸ್ತೆಯನ್ನು ಮರೆತೇಬಿಟ್ಟಿದ್ದೆ.

ಮಣ್ಣುಕೆಲಸ ಅವರೇ, ಹೊಂಡಕ್ಕೆ ನೀರು ಬರುವ ಬಾಯಿ ಎಲ್ಲಿದೆ, ಕೋಡಿ ಎಲ್ಲಿದೆ?

ಮಣ್ಣುಕೆಲಸ (ಮೇ 16)
ಎರಡೂ ಪೂರ್ವದ ಬದಿಯಲ್ಲಿ, 20 ಮೀಟರ್ ಅಂತರದಲ್ಲಿ. ನೀವು ಕೇಳಿದ ಮೇಲೆ ನನಗೂ ಅನುಮಾನ ಬಂತು. ಇವತ್ತು ಪಿಟ್‌ನ (ಅದಿರು ಅಗೆದ ಗುಂಡಿಯ) ಪಂಪಿನಿಂದ ಹೊಂಡ ತುಂಬಿಸಿದೆ. ಆ ಪಂಪು ಸೆಕೆಂಡಿಗೆ 100 ಲೀಟರ್ ಎತ್ತುತ್ತದೆ. ಕೋಡಿ ಹರಿಯಲು ಶುರುವಾದ ಮೇಲೆ ಬಾಯಿಯ ಬಳಿ ಒಣ ತೆಂಗಿನಕಾಯಿ ಸಿಪ್ಪೆ ಎಸೆದು ಗಡಿಯಾರ ನೋಡುತ್ತ ನಿಂತೆ. ಅರ್ಧ ಹೂಳು ತುಂಬಿದ ಹೊಂಡದಲ್ಲೂ ಲೆಕ್ಕದ ಪ್ರಕಾರ ಅದು ಮೂರು ಗಂಟೆ ಇಪ್ಪತ್ತು ನಿಮಿಷ ಇರಬೇಕು. ಹನ್ನೊಂದು ನಿಮಿಷಕ್ಕೆ ಕೋಡಿಯಿಂದ ಹೊರಗೆ ಬಿತ್ತು! ದಡ ಹಿಡಿದುಕೊಂಡು ನೇರವಾಗಿ ಬಂತು, ಹೊಂಡದ ಪಶ್ಚಿಮ ಭಾಗವನ್ನು ತಿರುಗಿಯೂ ನೋಡಲಿಲ್ಲ. ಕಾವಲುಗಾರ ಮಾಮ, "ಸಿಪ್ಪೆಗೇ ದಾರಿ ಗೊತ್ತಿದೆ, ಮಣ್ಣಿಗೆ ಗೊತ್ತಿರುವುದಿಲ್ಲವೇ" ಎಂದು ನಕ್ಕರು.

ಮೂರು ಮೀಟರ್ ಆಳ ಮಾಡಿಸಿದ್ದರೂ ಇದೇ ಆಗುತ್ತಿತ್ತು.

ಸಂಡೂರ್ ಮಂದಿ
ಸಿಪ್ಪೆ ತೇಲುವ ವಸ್ತು, ಗಾಳಿ ತಳ್ಳಿರಬಹುದು. ಅದನ್ನು ಪರೀಕ್ಷೆ ಎಂದು ಹೇಗೆ ಒಪ್ಪುವುದು?

ನೀರು ಲೆಕ್ಕ
ಗಾಳಿಯ ಮಾತು ಸರಿ. ಆದರೆ 200 ನಿಮಿಷದ ಜಾಗದಲ್ಲಿ 11 ನಿಮಿಷ ಎಂದರೆ ಎಲ್ಲವನ್ನೂ ಗಾಳಿಯ ಮೇಲೆ ಹೊರಿಸಲು ಆಗುವುದಿಲ್ಲ. ಕೋಡಿಯನ್ನು ಎದುರು ಮೂಲೆಗೆ ಒಯ್ಯಿರಿ. ಅದಕ್ಕೆ ಸಮಯವಿಲ್ಲದಿದ್ದರೆ ಬಿದಿರು ನೆಟ್ಟು ತಾಡಪತ್ರಿಯ ಪರದೆ ಕಟ್ಟಿ ನೀರನ್ನು ಹಾವಿನಂತೆ ಸುತ್ತಿಸಿ. ದಾರಿಯ ಉದ್ದ ಅಗಲದ ಮೂರು ಪಟ್ಟಾದರೂ ಇರಲಿ.

ಸಂಡೂರ್ ಮಂದಿ
ಒಪ್ಪಿದೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ನಮ್ಮಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತಲ್ಲ, ಮತ್ತೆ ತೆರೆಯುವ ಮುಂಚೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಮಾಡಿಸಿತು. ಡಂಪಿನ ಸುತ್ತ ಗಾರ್ಲ್ಯಾಂಡ್ ಕಾಲುವೆ, ಬುಡಕ್ಕೆ ತಡೆಗೋಡೆ, ಕೊರಕಲುಗಳಿಗೆ ಕಲ್ಲಿನ ತಡೆ, ಎಲ್ಲ ಇದ್ದವು. ನಾನು ಮಾಡಿದ್ದು ಆ ಕೊರಕಲಿನ ಕೆಲಸ. ಮೇಲಿನಿಂದ ಕೆಳಗೆ ಕಟ್ಟುತ್ತ ಬರಬೇಕು. ಕೆಳಗೆ ಮೊದಲು ಕಟ್ಟಿದರೆ ಒಂದೇ ಮಳೆಗೆ ತುಂಬಿ ಕಿತ್ತುಕೊಂಡು ಹೋಗುತ್ತದೆ. ಮತ್ತೆ ತಿರುಗಿಸಿದ ಕಾಲುವೆಯ ನೀರನ್ನು ಹಾಗೆಯೇ ಇಳಿಜಾರಿಗೆ ಬಿಡಬೇಡಿ, ಬೀಳುವಲ್ಲಿ ದಪ್ಪ ಕಲ್ಲು ಹಾಸಿ. ಇಲ್ಲವಾದರೆ ಅಲ್ಲಿ ಹೊಸ ಕೊರಕಲು ಹುಟ್ಟುತ್ತದೆ.

ಲಖ್ಯಾ ನಿವೃತ್ತ
ಕಾಲುವೆ ಹೊಡೆಯುವ ಮುಂಚೆ ಗಡಿ ನೋಡಿಕೊಳ್ಳಿ. ಗುಡ್ಡ ಅರಣ್ಯ ಇಲಾಖೆಯದಾದರೆ ಅನುಮತಿ ಇಲ್ಲದೆ ಒಂದು ಗುದ್ದಲಿಯೂ ಹಾಕಬಾರದು.

ಮಣ್ಣುಕೆಲಸ
ಮೂರನೇ ಒಂದು ಭಾಗ ಅರಣ್ಯ. ಅದನ್ನು ಬಿಟ್ಟು ನಮ್ಮ ಗಡಿಯೊಳಗೇ ಹೊಡೆಯುತ್ತೇವೆ. ಇನ್ನೊಂದು ಪ್ರಶ್ನೆ. ಹೊಂಡದಿಂದ ಎತ್ತಿದ ಹೂಳು ಎಲ್ಲಿ ಹಾಕುವುದು? ಇಷ್ಟು ವರ್ಷ ಹೊಂಡದ ದಂಡೆಯ ಮೇಲೆಯೇ ಹಾಕುತ್ತಿದ್ದರು.

ಟಿಪ್ಪರ್ 14
ಅದು ಮಳೆಗೆ ಮತ್ತೆ ಹೊಂಡಕ್ಕೇ ಬೀಳುತ್ತದೆ, ಮತ್ತೆ ಎತ್ತುತ್ತೀರಿ, ಮತ್ತೆ ಬಿಲ್ಲು. ಗುತ್ತಿಗೆದಾರನ ಮಗಳ ಮದುವೆ ಇದರಲ್ಲೇ ಆಗಿರಬೇಕು.

ಸಂಡೂರ್ ಮಂದಿ
ಖಾಲಿ ಪಿಟ್‌ನ ಒಳಗೆ ಹಾಕಿ, ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ಜಾಗ ಇಲ್ಲದಿದ್ದರೆ ಡಂಪಿನ ಸಮತಟ್ಟಾದ ಬೆಂಚಿನ ಮೇಲೆ ಹರಡಿ, ಸುತ್ತ ಬದು ಕಟ್ಟಿ, ತೆಂಗಿನ ನಾರಿನ ಜಾಲ ಹೊದಿಸಿ ಹುಲ್ಲು ಬಿತ್ತಿ.

ಪಣಜಿ ಪುಟ
ಡಂಪುಗಳ ಮೇಲೆ ಅಕೇಶಿಯಾ ದಟ್ಟವಾಗಿ ಬೆಳೆದಿದೆಯಲ್ಲ, ಅದು ಮಣ್ಣು ಹಿಡಿಯುವುದಿಲ್ಲವೇ?

ರಿವಣದ ತೋಟ
ಮರ ಹಸಿರು, ನೆಲ ಬೋಳು. ಎಲೆ ಬೇಗ ಕೊಳೆಯುವುದಿಲ್ಲ, ಕೆಳಗೆ ಹುಲ್ಲು ಏಳುವುದಿಲ್ಲ. ದೂರದಿಂದ ಫೋಟೋಗೆ ಚೆನ್ನಾಗಿದೆ.

ಲಖ್ಯಾ ನಿವೃತ್ತ
ಅಷ್ಟು ತೆಗೆದುಹಾಕಬೇಡಿ ತಂಗಿ. ಏನೂ ಬೆಳೆಯದ ಮಣ್ಣಿನಲ್ಲಿ ಮೊದಲು ನಿಂತದ್ದು ಅದೇ. ಆದರೆ ಹನಿಯ ಹೊಡೆತ ತಡೆಯಲು ನೆಲಕ್ಕಂಟಿದ ಹುಲ್ಲು ಬೇಕು, ಅದನ್ನು ಒಪ್ಪುತ್ತೇನೆ.

ಮಣ್ಣುಕೆಲಸ (ಮೇ 23)
ಪಟಿಕದ ಬಗ್ಗೆ ಯಾರಾದರೂ ಹೇಳಿ. ಹೋದ ವರ್ಷದ ನೀರನ್ನು ಬಾಟಲಿಯಲ್ಲಿ ಇಟ್ಟಿದ್ದೆ. ಅಲ್ಲಾಡಿಸಿ ಇಟ್ಟರೆ ಮರುದಿನವೂ ಕೆಂಪಾಗಿಯೇ ಇರುತ್ತದೆ.

ನೀರು ಲೆಕ್ಕ
ಅದು ಜೇಡಿ. 2 ಮೈಕ್ರಾನಿನ ಕಣ ನಿಂತ ನೀರಿನಲ್ಲಿ ದಿನಕ್ಕೆ 30 ಸೆಂ.ಮೀ. ಇಳಿಯುತ್ತದೆ, ಅದಕ್ಕಿಂತ ನಯವಾದದ್ದು ಇನ್ನೂ ನಿಧಾನ. ಕಣ ಹತ್ತು ಪಟ್ಟು ಚಿಕ್ಕದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆ. ಯಾವ ಹೊಂಡವೂ ಅದನ್ನು ಮಳೆಗಾಲದಲ್ಲಿ ಕೂರಿಸಲಾರದು. ಪಟಿಕ ಆ ಕಣಗಳನ್ನು ಮುದ್ದೆ ಕಟ್ಟಿಸುತ್ತದೆ, ಮುದ್ದೆ ಬೇಗ ಕೂರುತ್ತದೆ. ಆದರೆ ಚೀಲ ಬಿಚ್ಚಿ ಸುರಿಯಬೇಡಿ. ಐದು ಲೋಟ ನೀರಿಗೆ ಐದು ಬೇರೆ ಬೇರೆ ಪ್ರಮಾಣ ಹಾಕಿ, ಯಾವುದು ಕಡಿಮೆಯಲ್ಲಿ ತಿಳಿಯಾಗುತ್ತದೆ ನೋಡಿ. ಹೆಚ್ಚಾದರೆ ನೀರು ಹುಳಿಯಾಗುತ್ತದೆ. ಪಾಲಿಮರ್ ಮಾರಲು ಬಂದವರನ್ನೂ ವಿಚಾರಿಸಿ, ಕೆಲವು ಬಗೆಯವು ಮೀನಿನ ಕಿವಿರಿಗೆ ಅಂಟುತ್ತವೆ. ಮತ್ತೆ ತಿಳಿಯಾಗಿ ಕಂಡಿತು ಎಂದು ಬಿಡಬೇಡಿ. ಹಳ್ಳಕ್ಕೆ ಬಿಡುವ ನೀರಿನಲ್ಲಿ ತೇಲುವ ಘನವಸ್ತು ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಮಾನದಂಡ. ಅದು ಕಣ್ಣಿಗೆ ಸಿಗುವುದಿಲ್ಲ, ಪ್ರಯೋಗಾಲಯಕ್ಕೆ ಕಳಿಸಬೇಕು.

ರಿವಣದ ತೋಟ
ಪಟಿಕ ಹಾಕಿದ ನೀರು ನನ್ನ ಅಡಿಕೆಗೆ ಬರುತ್ತದೆ ಎಂದಾದರೆ ಮೊದಲು ನನಗೆ ತಿಳಿಸಿ, ಆಮೇಲೆ ಹಾಕಿ.

ಮಣ್ಣುಕೆಲಸ (ಜೂನ್ 12)
ವರದಿ ಒಪ್ಪಿಸುತ್ತಿದ್ದೇನೆ. ಸಾಹೇಬರಿಗೆ ಸಿಪ್ಪೆಯ ಕಥೆ ಹೇಳಿದಾಗ ನಗಲಿಲ್ಲ, ತಾವೇ ಬಂದು ಇನ್ನೊಂದು ಸಿಪ್ಪೆ ಎಸೆದರು. ಒಂಬತ್ತೂವರೆ ನಿಮಿಷ. ಆಳದ ಮಾತು ಅಲ್ಲಿಗೆ ಬಿಟ್ಟರು. ಗುಡ್ಡದ ಕಾಲುವೆ ನಮ್ಮ ಗಡಿಯಷ್ಟು ಮುಗಿದಿದೆ, ಅರಣ್ಯದ ಕಡೆಯ ನೀರು ಈಗಲೂ ಡಂಪಿಗೇ ಬರುತ್ತದೆ. ಹೊಂಡದಲ್ಲಿ ಎರಡು ಪರದೆ ಕಟ್ಟಿದೆವು. ಒಂದು ಮೊನ್ನೆ ಮೃಗಶಿರಾ ಹಿಡಿದ ರಾತ್ರಿಯೇ ಹರಿಯಿತು, ಬಿದಿರು ಮಾತ್ರ ನಿಂತಿದೆ. ರಸ್ತೆಯ ಹಿಟ್ಟು ಅರ್ಧ ಎತ್ತಿದೆವು, ಇನ್ನರ್ಧ ಎತ್ತುವಷ್ಟರಲ್ಲಿ ಮಳೆ ಬಂತು. ಟಿಪ್ಪರ್ ಅಣ್ಣ ಹೇಳಿದ್ದು ನಿಜ, ಮೊದಲ ದಿನದ ನೀರಿನಲ್ಲಿ ಹೆಚ್ಚು ಕೆಂಪು ರಸ್ತೆಯ ಕಡೆಯಿಂದಲೇ ಬಂತು. ಪಟಿಕ ಹಾಕಿಲ್ಲ.

ಕೋಡಿಯ ನೀರನ್ನು ದಿನಾ ಒಂದು ಬಾಟಲಿ ಹಿಡಿದು ತಾರೀಖು ಬರೆದು ಕಚೇರಿಯ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದೇನೆ. ಮೊದಲ ಮೂರು ಕೆಮ್ಮಣ್ಣು. ನಾಲ್ಕನೆಯದರ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತದೆ. ಅಕ್ಕ, ಒಂದು ದಿನ ಬಂದು ನೋಡುತ್ತೀರಾ?

ರಿವಣದ ತೋಟ
ಬರುವುದಿಲ್ಲ, ನಾಟಿಯ ಕೆಲಸವಿದೆ. ನಮ್ಮ ಕಾಲುವೆಯ ನೀರನ್ನೂ ಇವತ್ತಿನಿಂದ ಬಾಟಲಿಯಲ್ಲಿ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ಇಡುತ್ತೇನೆ. ನಿಮ್ಮದನ್ನು ನಾನು ನಂಬಬೇಕಾಗಿಲ್ಲ, ನನ್ನದನ್ನು ನೀವು ನಂಬಿದರೆ ಸಾಕು. ಇವತ್ತಿನದು ಇನ್ನೂ ಕೆಂಪು. ನಿಮ್ಮದೋ ಪಕ್ಕದ ಗಣಿಯದೋ ಗೊತ್ತಿಲ್ಲ.

ಮಣ್ಣುಕೆಲಸ
ಹಳ್ಳ ಕೂಡುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು ಬಾಟಲಿ ಹಿಡಿದರೆ ಗೊತ್ತಾಗುತ್ತದೆ. ಭಾನುವಾರ ನಾನೇ ಬರುತ್ತೇನೆ, ಅತ್ತೆಯವರಿಗೂ ಹೇಳಿಡಿ.

ಟಿಪ್ಪರ್ 14
ಹರಿದ ಪರದೆಗೆ ಹೊಸ ತಾಡಪತ್ರಿ ಕೊಳ್ಳಬೇಡಿ. ನನ್ನ ಗಾಡಿಯ ಹಳೆಯದು ಮನೆಯ ಹಿಂದೆ ಬಿದ್ದಿದೆ, ಎರಡು ಕಡೆ ತೂತು, ಉಳಿದದ್ದು ಗಟ್ಟಿ. ಸಾವರ್ಡೆಗೆ ಬಂದು ಒಯ್ಯಿರಿ.